ಮಾವಿನ ರೂಂಗೆ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ ಹಾಕೋದು, ಸೆಟ್ ಮಾಡೋದು ಹೆಂಗೆ

ಕೋಲ್ಡ್ ಸ್ಟೋರೇಜಿನ ಅಮೋನಿಯಾ ಪ್ಲಾಂಟ್ ಒಂದು, ಕಂಪ್ರೆಸರ್ ಒಂದು, ರೂಂ ನಾಲ್ಕು. ಮೂರು ರೂಮಲ್ಲಿ ಸೇಬು ದ್ರಾಕ್ಷಿ, ಅದಕ್ಕೆ 0 ಡಿಗ್ರಿ ಬೇಕು. ನಾಲ್ಕನೇದ್ರಲ್ಲಿ ಮಾವು, ಅದಕ್ಕೆ 13 ಡಿಗ್ರಿ. ಕೋಲಾರ, ಶ್ರೀನಿವಾಸಪುರದ ಕಡೆ ಸೀಸನ್ ಬಂದಾಗ ಹಿಂಗೆ ಒಂದು ರೂಂ ಮಾವಿಗೆ ಬಿಟ್ಟುಕೊಡೋದು ಇರತ್ತೆ, ಮಾಲೀಕರು "ಥರ್ಮೋಸ್ಟಾಟ್ 13ಕ್ಕೆ ಇಟ್ಟರೆ ಆಯ್ತಲ್ಲ" ಅಂತಾರೆ. ಆಗಲ್ಲ. ಕಂಪ್ರೆಸರ್ ಸಕ್ಷನ್ (ರೂಮಿಂದ ಗ್ಯಾಸ್ ವಾಪಸ್ ಎಳ್ಕೊಳ್ಳೋ ಕಡೆ) ಸೇಬಿನ ರೂಂಗೋಸ್ಕರ ಮೈನಸ್ 7ರಲ್ಲಿ ಓಡ್ತಿರತ್ತೆ, ಅಂದ್ರೆ ಮಾವಿನ ರೂಮಿನ ಕಾಯಿಲ್ (ಒಳಗೆ ಅಮೋನಿಯಾ ಕುದ್ದು ಗಾಳಿ ತಣ್ಣಗೆ ಮಾಡೋ ಪೈಪ್ ಸುರುಳಿ) ಕೂಡ ಮೈನಸ್ 7ರಲ್ಲೇ ಇರತ್ತೆ, ರೂಮಿನ ಗಾಳಿ ಸರಾಸರಿ 13 ತೋರಿಸಿದ್ರೂ ಫ್ಯಾನ್ ಮುಂದೆ ಇರೋ ಕ್ರೇಟ್‌ಗಳಿಗೆ ಬಡಿಯೋ ಗಾಳಿ ತುಂಬಾ ತಣ್ಣಗಿರತ್ತೆ, ಆ ಕಾಯಿಗಳ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗತ್ತೆ, ಚುಕ್ಕೆ ಚುಕ್ಕೆ ಗುಳಿ ಬೀಳತ್ತೆ, ಆಮೇಲೆ ಸರಿಯಾಗಿ ಹಣ್ಣೂ ಆಗಲ್ಲ. ಜೊತೆಗೆ ಕಾಯಿಲ್ ಮೇಲೆ ಐಸ್ ಕಟ್ಟತ್ತೆ, ಗಾಳಿಯಲ್ಲಿರೋ ತೇವ ಎಲ್ಲಾ ಅಲ್ಲೇ ಹೋಗತ್ತೆ, ಕಾಯಿ ಸುಕ್ಕಾಗಿ ತೂಕ ಕಳ್ಕೊಳ್ಳತ್ತೆ.

ಅದಕ್ಕೇ ಆ ರೂಮಿನ ಸಕ್ಷನ್ ಲೈನಲ್ಲಿ ಒಂದು ಪ್ರೆಶರ್ ರೆಗ್ಯುಲೇಟರ್ ಬೇಕು. ಪ್ರೆಶರ್ ಇಳಿದಷ್ಟೂ ಅಮೋನಿಯಾ ಕಮ್ಮಿ ಡಿಗ್ರಿಯಲ್ಲಿ ಕುದಿಯತ್ತೆ, ಕಾಯಿಲ್ ತಣ್ಣಗಾಗತ್ತೆ; ಕಾಯಿಲ್ ಒಳಗಿನ ಪ್ರೆಶರ್ ಒಂದು ಮಟ್ಟಕ್ಕಿಂತ ಕೆಳಗೆ ಇಳೀದಂಗೆ ಇದು ತಡೆದು ಹಿಡಿಯತ್ತೆ. ನಮ್ಮ ಕಡೆ ಬ್ಯಾಕ್ ಪ್ರೆಶರ್ ವಾಲ್ವ್ ಅಂತಾರೆ, ಕ್ಯಾಟಲಾಗಲ್ಲಿ ಇವಾಪರೇಟರ್ ಪ್ರೆಶರ್ ರೆಗ್ಯುಲೇಟರ್ ಅಂತಿರತ್ತೆ, ಎರಡೂ ಒಂದೇ.

ಒಳಗೆ ಏನಾಗತ್ತೆ ಅಂತ ಮೊದ್ಲು ತಿಳ್ಕೊಳಿ, ಯಾಕಂದ್ರೆ ಇದು ಗೊತ್ತಿಲ್ದೆ ಸ್ಪ್ಯಾನರ್ ಹಿಡಿದ್ರೆ ಫಾಲ್ಟ್ ಸಿಗಲ್ಲ. ದೊಡ್ಡ ವಾಲ್ವ್ ತಾನಾಗೇ ಏನೂ ಯೋಚನೆ ಮಾಡಲ್ಲ, ಅದರ ತಲೆ ಮೇಲೆ ಒಂದು ಚಿಕ್ಕ ಪೈಲಟ್ ಕೂತಿರತ್ತೆ, ಅದೇ ಎಜಮಾನ. ಕಾಯಿಲ್ ಕಡೆಯ ಪ್ರೆಶರ್ ಪೈಲಟಿನ ಡಯಾಫ್ರಾಮ್‌ನ ಕೆಳಗಿಂದ ಒತ್ತತ್ತೆ, ಮೇಲಿಂದ ಸ್ಪ್ರಿಂಗ್ ಒತ್ತತ್ತೆ. ಪ್ರೆಶರ್ ಗೆದ್ದರೆ ಪೈಲಟ್ ತೆರೆಯತ್ತೆ, ಗ್ಯಾಸ್ ಮೇನ್ ಪಿಸ್ಟನ್ ಮೇಲಕ್ಕೆ ಹೋಗಿ ಅದನ್ನ ಕೆಳಗೆ ತಳ್ಳತ್ತೆ, ವಾಲ್ವ್ ಓಪನ್. ಪ್ರೆಶರ್ ಇಳಿದ್ರೆ ಪೈಲಟ್ ಮುಚ್ಚತ್ತೆ, ಪಿಸ್ಟನ್ ಮೇಲಿದ್ದ ಗ್ಯಾಸ್ ಒಂದು ಸಣ್ಣ ತೂತಿನಿಂದ ಕಂಪ್ರೆಸರ್ ಕಡೆಗೆ ಸೋರಿ ಹೋಗತ್ತೆ, ಕೆಳಗಿನ ಸ್ಪ್ರಿಂಗ್ ಪಿಸ್ಟನನ್ನ ಮೇಲೆ ತಳ್ಳಿ ವಾಲ್ವ್ ಮುಚ್ಚತ್ತೆ. ಅಷ್ಟೇ. ಈಗ ಪೈಲಟ್‌ಗೆ ಗ್ಯಾಸ್ ಹೋಗೋ ದಾರಿ ಕಸ ಕಟ್ಟಿದ್ರೆ ವಾಲ್ವ್ ತೆರೆಯೋದೇ ಇಲ್ಲ, ಪಿಸ್ಟನಿನ ಸೋರೋ ತೂತು ಕಟ್ಟಿದ್ರೆ ಮುಚ್ಚೋದೇ ಇಲ್ಲ. ಈ ಎರಡು ಮಾತು ನೆನಪಿದ್ರೆ ಅರ್ಧ ಕಂಪ್ಲೇಂಟು ಅಲ್ಲೇ ಮುಗಿಯತ್ತೆ.

ಒಂದೇ ಬಾಡಿಗೆ ಬೇರೆ ಬೇರೆ ಪೈಲಟ್ ಹಾಕಬಹುದು, ಇಲ್ಲೇ ತುಂಬಾ ಜನ ಎಡವ್ತಾರೆ. ಡ್ಯಾನ್‌ಫಾಸ್ ಕಂಪನಿಯ ಐಸಿಎಸ್ ಅನ್ನೋ ಮಾಡೆಲಿನ ವಾಲ್ವ್ ಬಾಡಿ ತಗೊಳಿ, ಅದಕ್ಕೆ ಸಿವಿಪಿ ಪೈಲಟ್ ಹಾಕಿದ್ರೆ ಅದು ಒಳಗೆ ಬರೋ ಕಡೆಯ ಪ್ರೆಶರ್ ನೋಡ್ಕೊಂಡು ಕಾಯಿಲನ್ನ ಕಾಯತ್ತೆ. ಸಿವಿಸಿ ಪೈಲಟ್ ಹಾಕಿದ್ರೆ ಹೊರಗೆ ಹೋಗೋ ಕಡೆಯ ಪ್ರೆಶರ್ ನೋಡ್ಕೊಂಡು ಕಂಪ್ರೆಸರನ್ನ ಓವರ್‌ಲೋಡ್‌ನಿಂದ ಕಾಯತ್ತೆ. ನೋಡೋಕೆ ಎರಡೂ ಅಣ್ಣ ತಮ್ಮನ ಥರ ಇರ್ತಾವೆ. ಮಾವಿನ ರೂಂಗೆ ನಮಗೆ ಬೇಕಿರೋದು ಸಿವಿಪಿ, ಅದ್ರಲ್ಲೂ ಲೋ ಪ್ರೆಶರ್ ರೇಂಜಿನದು, ಅದು ಮೈನಸ್ 0.66ರಿಂದ 7 ಬಾರ್ ತನಕ ಸೆಟ್ ಆಗತ್ತೆ. 28 ಬಾರ್ ತನಕ ಹೋಗೋ ಹೈ ಪ್ರೆಶರ್ ಪೈಲಟ್ ಹಾಕ್ಬೇಡಿ, 4-5 ಬಾರ್ ಹತ್ರ ಅದನ್ನ ನಯವಾಗಿ ಹೊಂದಿಸೋದು ಕಷ್ಟ.

ಮೂರು ಪೈಲಟ್ ಜಾಗ ಇರೋ ಬಾಡಿ ಬಂದ್ರೆ ಎಸ್1, ಎಸ್2, ಪಿ ಅಂತ ಗುರುತು ಇರತ್ತೆ. ಎಸ್1 ಎಸ್2 ಒಂದರ ಹಿಂದೆ ಒಂದು, ಎರಡೂ ಒಪ್ಪಿದ್ರೆ ಮಾತ್ರ ವಾಲ್ವ್ ತೆರೆಯತ್ತೆ. ಪಿ ಪಕ್ಕದ ದಾರಿ, ಅದೊಂದೇ ತೆರೆದ್ರೂ ವಾಲ್ವ್ ಪೂರ್ತಿ ತೆರೆಯತ್ತೆ. ನೀವು ಎಸ್1ರಲ್ಲಿ ಸಿವಿಪಿ ಮಾತ್ರ ಹಾಕಿದ್ರೆ ಎಸ್2ರಲ್ಲಿ ಗ್ಯಾಸ್ ಹಾಯೋಕೆ ಬಿಡೋ ಥರ ಪ್ಲಗ್ ಕೂರಿಸಬೇಕು, ಪಿಯಲ್ಲಿ ಪೂರ್ತಿ ಮುಚ್ಚೋ ಥರ ಪ್ಲಗ್ ಕೂರಿಸಬೇಕು. ಅದಲು ಬದಲಾದ್ರೆ ಸ್ಕ್ರೂ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ರೂಂ ಟೆಂಪರೇಚರ್ ಬಂದ ಮೇಲೆ ಸಕ್ಷನ್ ಪೂರ್ತಿ ಬಂದ್ ಆಗ್ಬೇಕು ಅಂದ್ರೆ ಎಸ್2ರಲ್ಲಿ ಸೊಲೆನಾಯ್ಡ್ ಪೈಲಟ್ (ಕರೆಂಟಿಂದ ತೆರೆದು ಮುಚ್ಚೋದು) ಹಾಕಿ, ಮಾವಿನ ರೂಮಿಗೆ ನಾನು ಹಂಗೇ ಮಾಡೋದು.

ಈಗ ಲೆಕ್ಕ. ಇದನ್ನ ಪೈಪ್ ಕತ್ತರಿಸೋ ಮುಂಚೆನೇ ಮಾಡ್ಕೊಳಿ. ರೂಂ 13 ಡಿಗ್ರಿ, ತೇವ ಉಳೀಬೇಕು ಅಂದ್ರೆ ರೂಂಗೂ ಕಾಯಿಲ್‌ಗೂ ನಡುವಿನ ವ್ಯತ್ಯಾಸ ಕಮ್ಮಿ ಇರಬೇಕು, 6 ಡಿಗ್ರಿ ಇಟ್ಕೊಂಡ್ರೆ ಕಾಯಿಲಲ್ಲಿ ಅಮೋನಿಯಾ 7 ಡಿಗ್ರಿಯಲ್ಲಿ ಕುದಿಬೇಕು. ಕಾಯಿಲ್ ಅಷ್ಟು ದೊಡ್ಡದಿದೆಯಾ ಅಂತ ಅದರ ಶೀಟಲ್ಲಿ ನೋಡ್ಕೊಳಿ, ಚಿಕ್ಕದಿದ್ರೆ 6 ಡಿಗ್ರಿ ವ್ಯತ್ಯಾಸದಲ್ಲಿ ರೂಂ ಇಳಿಯಲ್ಲ. 7 ಡಿಗ್ರಿಗೆ ಅಮೋನಿಯಾ ಪ್ರೆಶರ್ 5.54 ಬಾರ್ ಅಬ್ಸೊಲ್ಯೂಟ್. ಗೇಜ್ ತೋರಿಸೋದು ಅಬ್ಸೊಲ್ಯೂಟ್ ಅಲ್ಲ, ಹೊರಗಿನ ಗಾಳಿ ಒತ್ತಡ ಕಳೆದು ಉಳಿದದ್ದು. ಮಂಗಳೂರಲ್ಲಾದ್ರೆ 1.01 ಕಳೀಬೇಕು, ಗೇಜ್ 4.5 ಬಾರ್ ತೋರಿಸ್ಬೇಕು. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ಅಲ್ಲಿ ಗಾಳಿ ಒತ್ತಡ ಸುಮಾರು 0.92 ಬಾರ್ ಅಷ್ಟೇ, ಹಂಗಾಗಿ ಅಲ್ಲಿ ಗೇಜ್ 4.6 ತೋರಿಸ್ಬೇಕು. ಇಲ್ಲಿ ಇದು ಅರ್ಧ ಡಿಗ್ರಿ ವಿಷಯ ಅಷ್ಟೇ, ಆದ್ರೆ ಫ್ರೀಜರ್ ಲೈನಲ್ಲಿ ಇದೇ 0.1 ಬಾರ್ ದೊಡ್ಡ ತಲೆನೋವು, ಅದಕ್ಕೇ ಅಭ್ಯಾಸ ಮಾಡ್ಕೊಂಡಿರಿ ಅಂತ ಹೇಳ್ತಿದೀನಿ. ಗೇಜ್ ಯಾವ ಅಳತೆಯಲ್ಲಿದೆ ಅಂತನೂ ನೋಡಿ, ಹಳೇ ಪ್ಲಾಂಟಲ್ಲಿ ಕೆಜಿ ಗೇಜ್ ಇರತ್ತೆ, ಹೊಸದ್ರಲ್ಲಿ ಬಾರ್, ಕೆಲವು ಕಡೆ ಪಿಎಸ್ಐ. 4.6 ಬಾರ್ ಅಂದ್ರೆ ಸುಮಾರು 67 ಪಿಎಸ್ಐ, 4.7 ಕೆಜಿ.

ಇತ್ತ ಸಕ್ಷನ್ ಹೆಡರ್ (ಎಲ್ಲಾ ರೂಮಿನ ಸಕ್ಷನ್ ಲೈನ್ ಸೇರೋ ದೊಡ್ಡ ಪೈಪ್) ಮೈನಸ್ 7ರಲ್ಲಿದ್ರೆ ಕೋಲಾರದಲ್ಲಿ ಗೇಜ್ 2.4ರ ಹತ್ರ. ಅಂದ್ರೆ ವಾಲ್ವ್ ಎರಡೂ ಕಡೆ ನಡುವೆ 2.2 ಬಾರ್ ವ್ಯತ್ಯಾಸ ಇದೆ. ಐಸಿಎಸ್ ಥರದ ವಾಲ್ವ್ ಪೂರ್ತಿ ತೆರೆಯೋಕೆ 0.2 ಬಾರ್ ಸಾಕು, ಸೋ ಇಲ್ಲಿ ಯಾವ ತೊಂದ್ರೆನೂ ಇಲ್ಲ. ಇದೇ ವಾಲ್ವನ್ನ ಮೈನಸ್ 40 ಲೈನಿಗೆ ಹಾಕಿದ್ರೆ ಆ 0.2 ಬಾರ್ ನಷ್ಟ ಸುಮಾರು 6 ಡಿಗ್ರಿಗೆ ಸಮ ಆಗತ್ತೆ, ಮಾವಿನ ರೂಮಲ್ಲಿ 1 ಡಿಗ್ರಿ. ಅದಕ್ಕೇ ಫ್ರೀಜರ್ ಸಕ್ಷನಲ್ಲಿ ಇಂಥ ವಾಲ್ವ್ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. 4.6ರಲ್ಲಿರೋ ಗ್ಯಾಸನ್ನ 2.4ಕ್ಕೆ ಬೀಳಿಸಿ ಮತ್ತೆ ಕಂಪ್ರೆಸ್ ಮಾಡೋದು ಕರೆಂಟ್ ದಂಡ. ನಾಲ್ಕರಲ್ಲಿ ಒಂದು ರೂಂ ಅಂದ್ರೆ ಪರ್ವಾಗಿಲ್ಲ, ಅರ್ಧ ಪ್ಲಾಂಟ್ ಮಾವೇ ಅಂದ್ರೆ ಅದಕ್ಕೆ ಬೇರೆ ಕಂಪ್ರೆಸರ್ ಹಾಕಿಸಿ ಅಂತ ಮಾಲೀಕರಿಗೆ ಬಾಯಿಬಿಟ್ಟು ಹೇಳಿ.

ವಾಲ್ವ್ ಸೈಜ್ ಪೈಪ್ ಸೈಜ್ ನೋಡಿ ತಗೋಬೇಡಿ, ಲೋಡ್ ನೋಡಿ ತಗೊಳಿ. ಪೈಪ್ 65 ಎಂಎಂ ಇದೆ ಅಂತ 65ರ ವಾಲ್ವ್ ತಂದ್ರೆ ಇಷ್ಟು ವ್ಯತ್ಯಾಸ ಇರೋ ಕಡೆ ಅದು ತುಂಬಾ ದೊಡ್ಡದಾಗತ್ತೆ, ಸ್ವಲ್ಪ ತೆರೆದ್ರೆ ಸಾಕು ಪ್ರೆಶರ್ ಬಿದ್ದೋಗತ್ತೆ, ಮುಚ್ಚತ್ತೆ, ಮತ್ತೆ ತೆರೆಯತ್ತೆ, ಗೇಜ್ ಮುಳ್ಳು ದಿನಪೂರ್ತಿ ಕುಣೀತಿರತ್ತೆ.

ಕೂರಿಸೋ ಕೆಲ್ಸಕ್ಕೆ ಬರೋಣ. ಮೊದ್ಲು ಪಂಪ್ ಡೌನ್. ಆ ರೂಮಿನ ಲಿಕ್ವಿಡ್ ವಾಲ್ವ್ ಬಂದ್ ಮಾಡಿ, ಫ್ಯಾನ್ ಓಡ್ತಾ ಇರ್ಲಿ, ಕಂಪ್ರೆಸರ್ ಕಾಯಿಲನ್ನ 0 ಬಾರ್ ತನಕ ಎಳೀಲಿ. ನಿಲ್ಲಿಸಿ, ಕಾಯಿರಿ. ಪ್ರೆಶರ್ ಮತ್ತೆ ಏರಿದ್ರೆ ಎಣ್ಣೆಯಲ್ಲೋ ಕೆಳಗಿನ ಬೆಂಡಲ್ಲೋ ಲಿಕ್ವಿಡ್ ಇನ್ನೂ ಇದೆ ಅಂತ ಅರ್ಥ, ಮತ್ತೆ ಎಳೀರಿ. ಏರೋದು ನಿಂತ ಮೇಲೆನೇ ಸಕ್ಷನ್ ಸ್ಟಾಪ್ ವಾಲ್ವ್ ಬಂದ್ ಮಾಡಿ ಟ್ಯಾಗ್ ಕಟ್ಟಿ. ಒಂದು ವಿಷಯ ಯಾವತ್ತೂ ಮರೀಬೇಡಿ, ತಣ್ಣಗಿನ ಲಿಕ್ವಿಡ್ ತುಂಬಿರೋ ಪೈಪನ್ನ ಎರಡೂ ಕಡೆ ಬಂದ್ ಮಾಡಬಾರದು, ಅದು ಬಿಸಿಯಾಗಿ ಹಿಗ್ಗಿದ್ರೆ ಪೈಪ್ ಫ್ಲೇಂಜ್ ಯಾವುದೂ ತಡೆಯಲ್ಲ. ಉಳಿದ ಗ್ಯಾಸನ್ನ ಹೋಸಿನಿಂದ ನೀರಿನ ಡ್ರಮ್ಮಿಗೆ ಬಿಡಿ, ನೀರು ಅದನ್ನ ಹೀರ್ಕೊಳ್ಳತ್ತೆ, ಆದ್ರೆ ಪ್ರೆಶರ್ ಮುಗಿಯೋ ಹೊತ್ತಿಗೆ ನೀರು ವಾಪಸ್ ಪೈಪಿಗೆ ಎಳ್ಕೊಳ್ಳತ್ತೆ, ಹಂಗಾಗಿ ಅಲ್ಲೇ ನಿಂತು ನೋಡ್ತಿರಿ, ಟೈಮಿಗೆ ವಾಲ್ವ್ ಮುಚ್ಚಿ.

ಮಾಸ್ಕ್ ಇಲ್ದೆ ಫ್ಲೇಂಜ್ ಬಿಚ್ಚಬೇಡಿ. ಪೂರ್ತಿ ಮುಖ ಮುಚ್ಚೋ ಮಾಸ್ಕ್, ಅಮೋನಿಯಾ ಕ್ಯಾನಿಸ್ಟರ್, ಗ್ಲೌಸ್, ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ. 300 ಪಿಪಿಎಂ ಅಂದ್ರೆ ಜೀವಕ್ಕೇ ಅಪಾಯ ಅಂತ ಗುರುತಿಸಿರೋ ಮಟ್ಟ, ಬಿಚ್ಚಿದ ಫ್ಲೇಂಜ್ ಹತ್ರ ಅದು ಕ್ಷಣದಲ್ಲಿ ದಾಟಬಹುದು. ನಮ್ಮ ಹುಡುಗರು "ಸ್ವಲ್ಪ ವಾಸನೆ ಅಷ್ಟೇ ಅಣ್ಣ" ಅಂತ ಒದ್ದೆ ಟವೆಲ್ ಕಟ್ಕೊಂಡು ಹೋಗ್ತಾರೆ, ನನ್ನ ಜೊತೆ ಕೆಲ್ಸ ಮಾಡೋವಾಗ ನಾನು ಬಿಡಲ್ಲ. ಕಣ್ಣು ಹೋದ್ರೆ ವಾಪಸ್ ಬರಲ್ಲ.

ವಾಲ್ವ್ ಜಾಗ ಹೆಂಗಿರಬೇಕು ಅಂದ್ರೆ, ಅಡ್ಡ ಪೈಪಲ್ಲಿ, ಪೈಲಟ್ ಮೇಲ್ಮುಖವಾಗಿ, ಬಾಣದ ಗುರುತು ಕಾಯಿಲಿಂದ ಕಂಪ್ರೆಸರ್ ಕಡೆಗೆ. ವಾಲ್ವಿಗಿಂತ ಮೊದ್ಲು, ಕಾಯಿಲ್ ಕಡೆಗೆ, ಸ್ಟ್ರೈನರ್ (ಕಸ ಹಿಡಿಯೋ ಜಾಲರಿ) ಕಡ್ಡಾಯ. ಎರಡೂ ಕಡೆ ಸ್ಟಾಪ್ ವಾಲ್ವ್, ಸುತ್ತ ಒಂದು ಬೈಪಾಸ್ ಲೈನು ಅದಕ್ಕೊಂದು ಹ್ಯಾಂಡ್ ವಾಲ್ವ್, ಸೀಸನ್ ಮಧ್ಯೆ ರೆಗ್ಯುಲೇಟರ್ ಕೈಕೊಟ್ರೆ ಕೈಯಲ್ಲಿ ನಡೆಸ್ಬಹುದು. ಲಿಕ್ವಿಡ್ ನಿಲ್ಲೋ ಥರ ಪೈಪಲ್ಲಿ ತಗ್ಗು ಬಿಡಬೇಡಿ. ಮತ್ತೆ ಗೇಜ್, ವಾಲ್ವಿನ ಕಾಯಿಲ್ ಕಡೆಗೆ ಒಂದು ಗೇಜ್ ಇರಲೇಬೇಕು, ರೆಗ್ಯುಲೇಟರ್ ನೋಡೋದು ಆ ಕಡೆನೇ. ಎಷ್ಟೋ ಪ್ಲಾಂಟಲ್ಲಿ ಮಷಿನ್ ರೂಮಿನ ಸಕ್ಷನ್ ಗೇಜ್ ನೋಡ್ಕೊಂಡು ಈ ವಾಲ್ವ್ ಸೆಟ್ ಮಾಡೋಕೆ ಹೋಗ್ತಾರೆ, ಅದು ಪಕ್ಕದ ಮನೆ ಗಡಿಯಾರ ನೋಡ್ಕೊಂಡು ನಮ್ಮನೆ ಗಡಿಯಾರಕ್ಕೆ ಕೀ ಕೊಟ್ಟಂಗೆ. ಗೇಜ್ ಸ್ಟೀಲಿಂದೇ ಆಗಿರಬೇಕು, ಫ್ರಿಯಾನಿನ ಹಿತ್ತಾಳೆ ಮ್ಯಾನಿಫೋಲ್ಡ್ ತರಬೇಡಿ, ಅಮೋನಿಯಾ ಹಿತ್ತಾಳೆ ತಾಮ್ರವನ್ನ ತಿಂದಾಕತ್ತೆ.

ವೆಲ್ಡಿಂಗ್ ಬಾಡಿ ಆದ್ರೆ ಮೇಲಿನ ಕವರು, ಒಳಗಿನ ಪಿಸ್ಟನ್ ಸೆಟ್ಟು ಎಲ್ಲಾ ಬಿಚ್ಚಿ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ, ಆಮೇಲೆ ವೆಲ್ಡ್ ಮಾಡಿಸಿ. ಇಲ್ಲಾಂದ್ರೆ ಶಾಖಕ್ಕೆ ಓ ರಿಂಗ್, ಟೆಫ್ಲಾನ್ ಸೀಟ್ ಸುಟ್ಟೋಗತ್ತೆ. ಮೊದಲ ಪಾಸ್ ಟಿಗ್ ಮಾಡಿಸಿದ್ರೆ ಒಳಗೆ ಬೀಳೋ ಕಸ ಕಮ್ಮಿ. ವೆಲ್ಡ್ ತಣ್ಣಗಾದ ಮೇಲೆ ಬಾಡಿ ಒಳಗೆ ಬೆರಳು ಹಾಕಿ ಒರೆಸಿ ನೋಡಿ, ಒಂದು ಸಾಸಿವೆ ಕಾಳಷ್ಟು ವೆಲ್ಡಿಂಗ್ ಗುಂಡು ಉಳಿದ್ರೂ ಅದು ನೇರ ಹೋಗಿ ಸೀಟಲ್ಲಿ ಕೂರತ್ತೆ. ಓ ರಿಂಗಿಗೆ ಸ್ವಲ್ಪ ರೆಫ್ರಿಜರೇಷನ್ ಎಣ್ಣೆ ಸವರಿ ಒಳಗಿನ ಸೆಟ್ ಕೂರಿಸಿ, ಬೋಲ್ಟ್ ಎದುರು ಬದುರು ಟೈಟ್ ಮಾಡ್ತಾ ಬನ್ನಿ.

ಟೆಸ್ಟಿಗೆ ಒಣ ನೈಟ್ರೋಜನ್, ಪ್ಲಾಂಟಿನ ಲೋ ಸೈಡ್ ಡಿಸೈನ್ ಪ್ರೆಶರ್ ಎಷ್ಟಿದೆಯೋ ಅದರ ಪ್ರಕಾರ. ಆಕ್ಸಿಜನ್ ಸಿಲಿಂಡರ್ ಹತ್ರಕ್ಕೂ ತರಬೇಡಿ, ಎಣ್ಣೆ ಜೊತೆ ಸೇರಿದ್ರೆ ಸ್ಫೋಟ. ಸೋಪಿನ ನೀರು ಹಚ್ಚಿ ನೋಡಿ, ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಎಳೆದು ಆಮೇಲೆ ಸ್ವಲ್ಪ ಅಮೋನಿಯಾ ಬಿಡಿ, ಗಂಧಕದ ಬತ್ತಿ ಹಚ್ಚಿ ಜಾಯಿಂಟ್ ಸುತ್ತ ತೋರಿಸಿ, ಲೀಕ್ ಇದ್ರೆ ಬಿಳಿ ಹೊಗೆ ಏಳತ್ತೆ. ರೂಮಲ್ಲಿ ವಾಸನೆ ಜೋರಾಗಿದ್ರೆ ಬತ್ತಿ ಹಚ್ಚಬೇಡಿ, ಅಮೋನಿಯಾ ಗಾಳಿ ಜೊತೆ 15 ಪರ್ಸೆಂಟ್ ಮೇಲೆ ಬೆರೆತ್ರೆ ಹೊತ್ಕೊಳ್ಳತ್ತೆ, ಮೊದ್ಲು ಗಾಳಿ ಆಡಿಸಿ, ಒದ್ದೆ ಲಿಟ್ಮಸ್ ಪೇಪರಲ್ಲಿ ನೋಡಿ.

ಈಗ ಸೆಟ್ಟಿಂಗ್. ಇಲ್ಲಿ ಅವಸರ ಬೇಡ, ಅರ್ಧ ದಿನ ಇಟ್ಕೊಂಡು ಕೂರಿ. ಮೊದಲು ಕೈಯಿಂದ ತೆರೆಯೋ ಸ್ಪಿಂಡಲ್ ಪೂರ್ತಿ ಆಟೋ ಸ್ಥಾನಕ್ಕೆ ಬಂದಿದೆಯಾ ನೋಡಿ. ಇದನ್ನ ನಾನು ದುಡ್ಡು ತೆತ್ತು ಕಲ್ತಿದ್ದು. ತುಂಬಾ ವರ್ಷದ ಹಿಂದೆ ಒಂದು ಕೋಲ್ಡ್ ಸ್ಟೋರೇಜಲ್ಲಿ ಹೊಸ ವಾಲ್ವ್ ಹಾಕಿ ಸಂಜೆ ತನಕ ಸ್ಕ್ರೂ ತಿರುಗಿಸಿದೆ, ಪ್ರೆಶರ್ 2.4 ಬಿಟ್ಟು ಮೇಲೆ ಏಳಲೇ ಇಲ್ಲ. ಪೈಲಟ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಇನ್ನೊಂದು ತರಿಸೋಕೆ ಹೇಳಿ ಮನೆಗೆ ಹೋದೆ. ರಾತ್ರಿ ಲಾರಿಯಲ್ಲಿ ಬಂದ ಮಾವನ್ನ ಅದೇ ರೂಮಿಗೆ ತುಂಬಿದ್ರು. ಮೂರನೇ ದಿನ ಪೈಲಟ್ ಬಂತು, ಬದಲಾಯಿಸೋಕೆ ಹೋದಾಗ ಗೊತ್ತಾಯ್ತು, ವ್ಯಾಕ್ಯೂಮ್ ಎಳೆಯೋವಾಗ ಸ್ಪಿಂಡಲ್ ತಿರುಗಿಸಿ ವಾಲ್ವ್ ಬಲವಂತವಾಗಿ ತೆರೆದಿಟ್ಟಿದ್ದು ನಾನೇ, ವಾಪಸ್ ಬಿಟ್ಟಿರಲಿಲ್ಲ. ಫ್ಯಾನ್ ಮುಂದಿನ ಎರಡು ಸಾಲು ಕ್ರೇಟ್ ಪೂರ್ತಿ ಹಾಳು. ಆ ರೈತನ ಮುಖ ಇವತ್ತಿಗೂ ನೆನಪಿದೆ.

ಆಮೇಲೆ ಪೈಲಟಿನ ಕ್ಯಾಪ್ ತೆಗೆದು ಸ್ಕ್ರೂ ಎಡಕ್ಕೆ ತಿರುಗಿಸಿ ಸ್ಪ್ರಿಂಗ್ ಪೂರ್ತಿ ಸಡಿಲ ಮಾಡಿ. ಈಗ ವಾಲ್ವ್ ಪೂರ್ತಿ ತೆರೆದಿರತ್ತೆ, ಕಾಯಿಲ್ ಗೇಜ್ ಹೆಚ್ಚುಕಮ್ಮಿ ಸಕ್ಷನ್ ಹೆಡರಿನಷ್ಟೇ ತೋರಿಸತ್ತೆ. ತೋರಿಸ್ಲಿಲ್ಲ ಅಂದ್ರೆ ಎರಡು ಗೇಜಲ್ಲಿ ಒಂದು ಸುಳ್ಳು ಹೇಳ್ತಿದೆ, ಇಲ್ಲಾ ಸ್ಟ್ರೈನರ್ ಕಟ್ಟಿದೆ, ಅಲ್ಲೇ ನಿಲ್ಲಿಸಿ ಸರಿ ಮಾಡಿ. ರೂಂ ಖಾಲಿ ಇರಬೇಕು, ಹಣ್ಣು ಇಟ್ಕೊಂಡು ಈ ಹಂತ ಮಾಡ್ಬೇಡಿ.

ಫ್ಯಾನ್ ಓಡಿಸಿ, ಲಿಕ್ವಿಡ್ ಬಿಡಿ, ರೂಂ 15-16 ಡಿಗ್ರಿಗೆ ಬರಲಿ. ಬಿಸಿ ರೂಮಲ್ಲಿ ಸೆಟ್ ಮಾಡಿದ್ರೆ ಮೋಸ ಹೋಗ್ತೀರ, 30 ಡಿಗ್ರಿ ರೂಮಲ್ಲಿ ಲೋಡಿಗೇ ಕಾಯಿಲ್ ಪ್ರೆಶರ್ ಮೇಲಿರತ್ತೆ, ಸ್ಕ್ರೂ ತಿರುಗಿಸಿದ್ರೂ ಏನೂ ಬದಲಾಗಿದ್ದು ಕಾಣಲ್ಲ, ಯಾಕಂದ್ರೆ ಇದು ಪ್ರೆಶರ್ ಇಳೀದಂಗೆ ತಡೆಯೋ ವಾಲ್ವು, ಏರೋದನ್ನ ಇದು ತಡೆಯಲ್ಲ. ರೂಂ ಹತ್ರ ಬಂದ ಮೇಲೆ ಸ್ಕ್ರೂ ಬಲಕ್ಕೆ ತಿರುಗಿಸ್ತಾ ಬನ್ನಿ, ಬಲಕ್ಕೆ ಅಂದ್ರೆ ಪ್ರೆಶರ್ ಜಾಸ್ತಿ. ಮೊದಲು ಅರ್ಧ ಸುತ್ತು, ಗೇಜ್ 4 ದಾಟಿದ ಮೇಲೆ ಕಾಲು ಸುತ್ತಿಗಿಂತ ಕಮ್ಮಿ. ಪ್ರತಿ ಸಲ 10-15 ನಿಮಿಷ ಕೈ ಕಟ್ಕೊಂಡು ಕಾಯಿರಿ. ಕಾಯಿಲಲ್ಲಿ ಲಿಕ್ವಿಡ್ ಇದೆ, ಕಬ್ಬಿಣ ಇದೆ, ಅವೆಲ್ಲಾ ಹೊಸ ಟೆಂಪರೇಚರಿಗೆ ಬರೋಕೆ ಟೈಮ್ ಬೇಕು. ತಾಳ್ಮೆ ಇಲ್ದೆ ತಿರುಗಿಸ್ತಾ ಹೋದ್ರೆ ಅರ್ಧ ಗಂಟೆ ಆದ್ಮೇಲೆ ಪ್ರೆಶರ್ 6ಕ್ಕೆ ಹೋಗಿ ನಿಂತಿರತ್ತೆ.

4.6 ಬಂತು, ನಿಂತಿದೆ. ಈಗ ಎಕ್ಸ್‌ಪಾನ್ಷನ್ ವಾಲ್ವ್ (ಕಾಯಿಲಿಗೆ ಲಿಕ್ವಿಡ್ ಅಳೆದು ಬಿಡೋ ವಾಲ್ವ್) ಕಡೆ ನೋಡಿ, ಮೊದಲೇ ಅಲ್ಲ. ಕಾಯಿಲ್ ಪ್ರೆಶರ್ ಏರಿದ ಮೇಲೆ ಅದರ ಮೇಲಿನ ಒತ್ತಡ ವ್ಯತ್ಯಾಸ ಕಮ್ಮಿಯಾಗಿದೆ, ಸೂಪರ್‌ಹೀಟ್ (ಕಾಯಿಲಿಂದ ಹೊರಗೆ ಬರೋ ಗ್ಯಾಸ್ ಕುದಿಯೋ ಡಿಗ್ರಿಗಿಂತ ಎಷ್ಟು ಬಿಸಿ ಅನ್ನೋದು) ಬದಲಾಗಿರತ್ತೆ, ಅದನ್ನ ಈಗ ಸರಿ ಮಾಡಿ. ಎರಡನ್ನೂ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಫ್ಲೋಟ್ ಇರೋ ಫ್ಲಡೆಡ್ ಕಾಯಿಲ್ (ಲಿಕ್ವಿಡ್ ತುಂಬಿಕೊಂಡೇ ಇರೋದು) ಆದ್ರೆ ಲೆವೆಲ್ ಮಾತ್ರ ನೋಡ್ಕೊಳಿ.

ಮುಳ್ಳು ಕುಣೀತಿದ್ರೆ ತಕ್ಷಣ ವಾಲ್ವ್ ಬೈಬೇಡಿ. ಲಿಕ್ವಿಡ್ ಸೊಲೆನಾಯ್ಡ್ ಪದೇ ಪದೇ ಆನ್ ಆಫ್ ಆಗ್ತಿದೆಯಾ ನೋಡಿ, ಎಕ್ಸ್‌ಪಾನ್ಷನ್ ವಾಲ್ವ್ ಹಂಟ್ ಆಗ್ತಿದೆಯಾ (ಒಂದು ಕಡೆ ನಿಲ್ಲದೆ ತೆರೆದು ಮುಚ್ಚಿ ಮಾಡ್ತಿದೆಯಾ) ನೋಡಿ, ಕಂಪ್ರೆಸರ್ ಸಿಲಿಂಡರ್ ಲೋಡ್ ಅನ್‌ಲೋಡ್ ಆಗೋ ಟೈಮಿಗೆ ಸರಿಯಾಗಿ ಕುಣೀತಿದೆಯಾ ನೋಡಿ. ಅವೆಲ್ಲಾ ಸರಿಯಿದ್ದೂ ಕುಣಿದ್ರೆ ಆಗ ವಾಲ್ವ್ ದೊಡ್ಡದಾಯ್ತು ಅನ್ಕೊಳಿ. ಪ್ರೆಶರ್ ಸೆಟ್ಟಿಂಗಿಗಿಂತ ಮೇಲೆ ಏರ್ತಾ ಹೋಗಿ ರೂಂ ಇಳೀತಾನೇ ಇಲ್ಲ ಅಂದ್ರೆ ವಾಲ್ವ್ ತೆರೀತಿಲ್ಲ, ಪೈಲಟ್ ದಾರಿ ಕ್ಲೀನ್ ಮಾಡಿ. ಹೊಸ ಪೈಪಿಂಗ್ ಆದ್ರೆ ಮೊದಲ ವಾರದಲ್ಲೇ ಸ್ಟ್ರೈನರ್ ಬಿಚ್ಚಿ ನೋಡಿ, ಕೈತುಂಬಾ ಕಸ ಸಿಗತ್ತೆ. ಬಿಚ್ಚೋವಾಗ ಮತ್ತೆ ಪಂಪ್ ಡೌನ್, ಮತ್ತೆ ಮಾಸ್ಕ್.

ಸೇಬಿನ ರೂಂಗಳಲ್ಲಿ ಹಾಟ್ ಗ್ಯಾಸ್ ಡಿಫ್ರಾಸ್ಟ್ (ಬಿಸಿ ಗ್ಯಾಸ್ ಬಿಟ್ಟು ಕಾಯಿಲಿನ ಐಸ್ ಕರಗಿಸೋದು) ಇದ್ರೆ ಅಲ್ಲೂ ಇದೇ ಥರದ ರೆಗ್ಯುಲೇಟರ್ ಇರತ್ತೆ, ಡಿಫ್ರಾಸ್ಟ್ ಟೈಮಲ್ಲಿ ಕಾಯಿಲ್ ಪ್ರೆಶರನ್ನ ಸುಮಾರು 5 ಬಾರ್ ಹತ್ರ ಹಿಡಿದಿಡೋಕೆ, ಅಂದ್ರೆ 8-9 ಡಿಗ್ರಿ, ಐಸ್ ಕರಗೋಕೆ ಅಷ್ಟು ಸಾಕು. ಬೇಗ ಕರಗ್ಲಿ ಅಂತ ಅದನ್ನ 8-9 ಬಾರಿಗೆ ಏರಿಸಬೇಡಿ, ರೂಮಿಗೆ ಬಿಸಿ ಮತ್ತೆ ಆವಿ ಹೋಗತ್ತೆ ಅಷ್ಟೇ, ಡಿಫ್ರಾಸ್ಟ್ ಮುಗಿದು ವಾಲ್ವ್ ತೆರೆದಾಗ ಸಕ್ಷನ್ ಲೈನಿಗೆ ಜೋರಾಗಿ ಹೊಡೆತ ಬೀಳತ್ತೆ. ಮಾವಿನ ಕಾಯಿಲ್ 7 ಡಿಗ್ರಿಯಲ್ಲಿ ಇರೋದ್ರಿಂದ ಅದಕ್ಕೆ ಡಿಫ್ರಾಸ್ಟೇ ಬೇಡ. ಆ ಕಾಯಿಲ್ ಮೇಲೆ ಐಸ್ ಕಂಡ್ರೆ ರೆಗ್ಯುಲೇಟರ್ ಕೆಲ್ಸ ಮಾಡ್ತಿಲ್ಲ ಅಂತ ಅರ್ಥ, ಇದನ್ನ ಆಪರೇಟರ್‌ಗೆ ಹೇಳಿಕೊಡಿ, ಗೇಜ್ ಓದೋಕೆ ಬರದ ವಾಚ್‌ಮನ್ ಕೂಡ ಇದನ್ನ ನೋಡಿ ಫೋನ್ ಮಾಡಬಹುದು.

ಲಾಕ್ ನಟ್ ಟೈಟ್ ಮಾಡಿ, ಟೈಟ್ ಮಾಡೋವಾಗ ಸ್ಕ್ರೂ ಜೊತೆಗೆ ತಿರುಗಿದೆಯಾ ಅಂತ ಗೇಜ್ ಇನ್ನೊಂದ್ಸಲ ನೋಡಿ, ಕ್ಯಾಪ್ ಹಾಕಿ. ಇನ್ಸುಲೇಷನ್ ಹಾಕೋರಿಗೆ ಬಾಡಿ ಪೂರ್ತಿ ಮುಚ್ಚಿ ಆದ್ರೆ ಪೈಲಟ್ ಕ್ಯಾಪು ಗೇಜು ಸ್ಪಿಂಡಲ್ ಹೊರಗೆ ಬಿಡಿ ಅಂತ ಮೊದಲೇ ಹೇಳಿ. ಒಂದು ತಗಡಿನ ತುಂಡಲ್ಲಿ ಸೆಟ್ ಪ್ರೆಶರ್, ತಾರೀಖು, ಆಗ ಸಕ್ಷನ್ ಎಷ್ಟಿತ್ತು ಅಂತ ಬರೆದು ವಾಲ್ವಿಗೇ ಕಟ್ಟಿ. ಲಾಗ್ ಬುಕ್ಕಲ್ಲಿ ಬರೆದಿದ್ದು ಆಫೀಸಲ್ಲಿ ಇರತ್ತೆ, ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ಬರೋನಿಗೆ ಬೇಕಿರೋದು ವಾಲ್ವ್ ಮೇಲೆ.

ಕೆಲ್ಸ ಇಲ್ಲಿಗೆ ಮುಗಿದಿಲ್ಲ. ಮೊದಲ ಲೋಡ್ ಬಂದ ದಿನ ಇನ್ನೊಮ್ಮೆ ಹೋಗಿ. ತೋಟದ ಬಿಸಿ ಹೊತ್ಕೊಂಡು ಬಂದ ಹಣ್ಣು ಒಳಗೆ ಹೋದಾಗ ಪ್ರೆಶರ್ ಏರತ್ತೆ, ವಾಲ್ವ್ ಪೂರ್ತಿ ತೆರೆಯತ್ತೆ, ಸಕ್ಷನ್ ಹೆಡರ್ ಕೂಡ ಏರಿ ಸೇಬಿನ ರೂಂಗಳಿಗೆ ತೊಂದ್ರೆ ಆಗಬಹುದು, ಹಂಗಾದ್ರೆ ಒಂದೇ ದಿನ ಅಷ್ಟೂ ಲಾರಿ ತುಂಬಬೇಡಿ ಅಂತ ಹೇಳಬೇಕಾಗತ್ತೆ. ಆಮೇಲೆ ಒಂದು ರಾತ್ರಿ, ರೂಂ 13ಕ್ಕೆ ಬಂದು ಲೋಡ್ ಕಮ್ಮಿಯಾದಾಗ ನೋಡಿ, ಗೇಜ್ ಅದೇ 4.6ರ ಆಸುಪಾಸಲ್ಲಿ ನಿಂತಿರಬೇಕು. ಫ್ಯಾನ್ ಮುಂದಿನ ಮೊದಲ ಸಾಲಿನ ಒಂದು ಹಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿ, ರೂಮಿನ ಗೋಡೆ ಮೇಲಿರೋ ಮೀಟರಲ್ಲ. ಹಣ್ಣಿನ ಒಳಗೆ 12ಕ್ಕಿಂತ ಕೆಳಗೆ ತೋರಿಸಿದ್ರೆ ಸ್ಕ್ರೂ ಇನ್ನೊಂದು ಚೂರು ಬಲಕ್ಕೆ, ತಗಡಲ್ಲಿ ಹೊಸ ನಂಬರ್ ಬರೀರಿ.